ಶಾವಿಗೆ ಎಳೆಯಂಥ ನಾಳಗಳು: ಮಕ್ಕಳ ಎಕೋ ಕೋಣೆಯ ನನ್ನ ದಿನಗಳು

ನಾನು ಡಾಕ್ಟರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕನ್ನಡ ಕೂಟದಲ್ಲಿ ಅರ್ಧ ಜನ ಇವತ್ತಿಗೂ ನನ್ನನ್ನು ಡಾಕ್ಟರ್ ಆಂಟಿ ಎಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ. ನಾನು ಎಕೋ ತೆಗೆಯುವವಳು. ಮಗುವಿನ ಎದೆಗೆ ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆದು ಡಾಕ್ಟರ ಮುಂದೆ ಇಡುವವಳು. ಮೊದಲು ಷಿಕಾಗೋದಲ್ಲಿ, ಆಮೇಲೆ ಡೆಟ್ರಾಯ್ಟಿನಲ್ಲಿ, ಒಟ್ಟು ಮೂವತ್ತೊಂದು ವರ್ಷ ಇದನ್ನೇ ಮಾಡಿ ಹೋದ ಬೇಸಿಗೆಯಲ್ಲಿ ನಿವೃತ್ತಳಾದೆ.

ಈ ವರ್ಷ ನಮ್ಮ ಕಡೆಯ ಇಬ್ಬರು ಹುಡುಗಿಯರು ಇದೇ ಕೋರ್ಸ್ ಸೇರಿದ್ದಾರೆ. "ಆಂಟಿ, ಜಾಬ್ ಹೇಗಿರುತ್ತೆ, ನಿಜ ಹೇಳಿ" ಎಂದು ಕೇಳಿದರು. ಭುಜ ನೋಯುತ್ತದೆ, ಮಧ್ಯಾಹ್ನದ ಊಟ ತಪ್ಪುತ್ತದೆ ಎಂದು ಅವತ್ತು ನಕ್ಕು ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನುಷ್ಯರ ಹೆಸರುಗಳನ್ನು ಬದಲಾಯಿಸಿದ್ದೇನೆ.

ಹೃದಯ ಮೈಗೆಲ್ಲ ರಕ್ತ ಕಳಿಸುತ್ತದೆ, ಸರಿ. ಆದರೆ ಹೃದಯದ ಸ್ನಾಯುವಿಗೂ ರಕ್ತ ಬೇಕಲ್ಲ? ಅದಕ್ಕೆಂದೇ ಎರಡು ಪುಟ್ಟ ನಾಳಗಳಿವೆ. ಹೃದಯದಿಂದ ಮೈಗೆ ಹೊರಡುವ ದೊಡ್ಡ ನಾಳವಾದ ಮಹಾಧಮನಿಯ ಬುಡದಲ್ಲಿ ಎಡಕ್ಕೊಂದು, ಬಲಕ್ಕೊಂದು ಹುಟ್ಟಿ ಹೃದಯವನ್ನು ಸುತ್ತಿಕೊಳ್ಳುತ್ತವೆ. ಇವೇ ಕೊರೊನರಿಗಳು. ದೊಡ್ಡವರಲ್ಲಿ ಇವು ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕ್ ಎಂದು ಎಲ್ಲರಿಗೂ ಗೊತ್ತು. ಕೆಲವು ಮಕ್ಕಳಲ್ಲಿ ಇವು ತಪ್ಪು ಜಾಗದಲ್ಲೇ ಹುಟ್ಟಿಕೊಂಡಿರುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬಹಳ ಅಪರೂಪ. ಒಳ್ಳೆಯ ಮಕ್ಕಳ ಡಾಕ್ಟರೊಬ್ಬರು ಇಂಥ ಒಂದೂ ಕೇಸ್ ನೋಡದೆ ನಿವೃತ್ತರಾಗಬಹುದು. ಎರಡು ತಿಂಗಳ ಕೂಸಿನಲ್ಲಿ ಈ ನಾಳ ಶಾವಿಗೆ ಎಳೆಯಷ್ಟು ದಪ್ಪ. ಕೂಸು ಅಳುತ್ತಿರುತ್ತದೆ, ಒದೆಯುತ್ತಿರುತ್ತದೆ, ಅದರ ಹೃದಯ ನಿಮಿಷಕ್ಕೆ ನೂರೈವತ್ತು ಸಲ ಬಡಿಯುತ್ತಿರುತ್ತದೆ. ಆ ಗಲಾಟೆಯ ನಡುವೆ ಆ ಎಳೆ ಎಲ್ಲಿಂದ ಹುಟ್ಟಿದೆ ಎಂದು ತೋರಿಸಬೇಕು. ನಮ್ಮ ಕೆಲಸ ಅದು.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಮದುವೆಯಾಗಿ ಷಿಕಾಗೋಗೆ ಬಂದೆ. ನನ್ನ ಗಂಡ ಅರವಿಂದ ಮೆಕ್ಯಾನಿಕಲ್ ಇಂಜಿನಿಯರ್. ಡೆವನ್ ಅವೆನ್ಯೂದಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಬಾಡಿಗೆ ಮನೆ. ಎರಡು ವರ್ಷ ಕೋರ್ಸ್ ಮಾಡಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಆಗ ಎಕೋ ಎಲ್ಲ ವಿಡಿಯೋ ಟೇಪಿನ ಮೇಲೆ. ಒಂದು ಟೇಪಿನಲ್ಲಿ ಎಂಟು ಹತ್ತು ಮಕ್ಕಳು. ಹಳೆಯ ಚಿತ್ರ ಬೇಕೆಂದರೆ ಟೇಪ್ ಹಿಂದಕ್ಕೆ ಓಡಿಸುತ್ತ ಕೂರಬೇಕು.

ಲ್ಯಾಬಿನ ಮುಖ್ಯಸ್ಥೆ ಡಾ. ನೋವಾಕ್. ಎತ್ತರದ ಹೆಂಗಸು, ಐವತ್ತು ದಾಟಿತ್ತು. ದನಿ ಎತ್ತಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ. 'ಕೊರೊನರಿ ಕಾಣಲಿಲ್ಲ' ಎಂದು ಬರೆದರೆ ಅವರು ಬೈಯುತ್ತಿರಲಿಲ್ಲ. 'ಕಂಡಿತು' ಎಂದು ಬರೆದು ಚಿತ್ರ ಮಸುಕಾಗಿದ್ದರೆ ಮಾತ್ರ ಟೇಪನ್ನು ಕೈಗೆ ಕೊಟ್ಟು, "ಮಗು ಇನ್ನೂ ಮನೆಗೆ ಹೋಗಿಲ್ಲ ಅಲ್ಲವಾ? ಮತ್ತೆ ಮಾಡು" ಎನ್ನುತ್ತಿದ್ದರು. ಬೇರೆ ಟೆಕ್ನಿಷಿಯನ್‌ಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಮೊದಮೊದಲು ಆಗುತ್ತಿರಲಿಲ್ಲ.

ನಾನು ಸೇರಿ ಎರಡನೆಯ ವರ್ಷ. ಡಾ. ನೋವಾಕ್ ರಜೆಯಲ್ಲಿದ್ದರು. ಹತ್ತು ವಾರದ ಒಂದು ಗಂಡುಕೂಸು ಬಂತು. ಡ್ಯಾನಿ ಎಂದು ಕರೆಯೋಣ. ಉಸಿರು ಜೋರು, ಬಿಳಿಚಿಕೊಂಡ ಮುಖ. ಎಕೋದಲ್ಲಿ ಹೃದಯದ ಎಡಭಾಗ ಉಬ್ಬಿತ್ತು, ಬಡಿತ ಬಹಳ ದುರ್ಬಲ. ಇಂಥದ್ದು ಕಂಡರೆ ಎಡ ಕೊರೊನರಿ ಎಲ್ಲಿಂದ ಹುಟ್ಟಿದೆ ಎಂದು ಕಡ್ಡಾಯವಾಗಿ ನೋಡಬೇಕು. ನೋಡಿದೆ. ಮಹಾಧಮನಿಯ ಪಕ್ಕದಲ್ಲಿ ಸಣ್ಣದೊಂದು ಕಪ್ಪು ಗೆರೆ, ಅದಕ್ಕೆ ಹೊಂದಿಕೊಂಡಂತೆ ಕಂಡಿತು. ಕೂಸು ಚೀರುತ್ತಿತ್ತು, ಹೊರಗೆ ಇನ್ನೂ ನಾಲ್ಕು ಮಕ್ಕಳು ಕಾಯುತ್ತಿದ್ದರು. ಚಿತ್ರ ನಿಲ್ಲಿಸಿ, ಬಾಣದ ಗುರುತು ಹಾಕಿ, 'ಎಡ ಕೊರೊನರಿ, ಸಹಜ' ಎಂದು ಟೈಪ್ ಮಾಡಿದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಎದುರಿಗೇ ಇತ್ತು. ಬಟನ್ ಒತ್ತಲಿಲ್ಲ. ಆ ದಿನ ವರದಿ ಬರೆದ ಡಾಕ್ಟರು ನನ್ನ ಬಾಣವನ್ನು ನಂಬಿದರು. ವೈರಸ್‌ನಿಂದ ಹೃದಯದ ಸ್ನಾಯು ಕೆಟ್ಟಿದೆ ಎಂದು ಔಷಧ ಶುರುವಾಯಿತು.

ಡಾ. ನೋವಾಕ್ ಬರುವ ಹೊತ್ತಿಗೆ ಹನ್ನೆರಡು ದಿನ ಕಳೆದಿತ್ತು. ಕೂಸು ಸುಧಾರಿಸಿರಲಿಲ್ಲ, ಇನ್ನೂ ಇಳಿದಿತ್ತು. ಅವರು ಟೇಪ್ ಹಾಕಿಕೊಂಡು ನನ್ನನ್ನು ಕರೆಸಿದರು.

"ಈ ಬಾಣ ಯಾರದು?"

"ನನ್ನದು."

"ಇಲ್ಲಿ ನೀನು ನೋಡಿದ್ದು ಏನು, ಅಂದುಕೊಂಡದ್ದು ಏನು? ಎರಡನ್ನೂ ಬೇರೆ ಬೇರೆ ಹೇಳು."

"ನೋಡಿದ್ದು ಒಂದು ಗೆರೆ. ಕೊರೊನರಿ ಅಂದುಕೊಂಡೆ."

"ಬಾ."

ಇಬ್ಬರೂ ವಾರ್ಡಿಗೆ ಹೋದೆವು. ಪ್ರೋಬ್ ಅವರು ಹಿಡಿಯಲಿಲ್ಲ, ನನ್ನ ಕೈಗೇ ಕೊಟ್ಟರು. ಬಣ್ಣ ಹಾಕಿದೆ. ಏನೂ ಕಾಣಲಿಲ್ಲ. "ವೇಗದ ಸ್ಕೇಲ್ ಇಳಿಸು, ಈ ನಾಳದಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ" ಎಂದರು. ಇಳಿಸಿದೆ. ಕೆಂಪು ಕಾಣಬೇಕಿದ್ದ ಕಡೆ ನೀಲಿ ಕಂಡಿತು. ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಆ ನಾಳದಲ್ಲಿ ರಕ್ತ ಹಿಂದಕ್ಕೆ ಹರಿಯುತ್ತಿತ್ತು. ನಾಳ ಹುಟ್ಟಿದ್ದು ಮಹಾಧಮನಿಯಿಂದಲ್ಲ, ಪಕ್ಕದಲ್ಲೇ ಇರುವ, ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದಿಂದ. ತಾಯಿಯ ಹೊಟ್ಟೆಯಲ್ಲಿರುವಾಗ ಇದರಿಂದ ತೊಂದರೆಯಿಲ್ಲ. ಹುಟ್ಟಿದ ಮೇಲೆ ಶ್ವಾಸಕೋಶದ ಕಡೆ ಒತ್ತಡ ಇಳಿಯುತ್ತದೆ. ಆಗ ಹೃದಯಕ್ಕೆ ಸಿಗಬೇಕಾದ ರಕ್ತ ಆ ಕಡೆಗೆ ಸೋರಿಹೋಗುತ್ತದೆ. ಕೂಸಿಗೆ ಹಾರ್ಟ್ ಅಟ್ಯಾಕ್ ಆಗುತ್ತಿರುತ್ತದೆ, ಹೇಳಲು ಬಾಯಿಲ್ಲ. ಹಾಲು ಕುಡಿಯುವಾಗ ಅಳುತ್ತದೆ. ಹೊಟ್ಟೆನೋವು ಎಂದು ಎಲ್ಲರೂ ಹೇಳುತ್ತಾರೆ.

ಮರುದಿನವೇ ಆಪರೇಷನ್. ನಾಳವನ್ನು ಬಿಡಿಸಿ ಮಹಾಧಮನಿಗೆ ಹೊಲಿದರು. ಡ್ಯಾನಿ ಬದುಕಿದ. ಆದರೆ ಅವನ ಹೃದಯದ ಒಂದು ಕವಾಟ ಸೋರುವುದು ನಿಲ್ಲಲಿಲ್ಲ. ನಾಲ್ಕನೆಯ ವರ್ಷಕ್ಕೆ ಇನ್ನೊಂದು ಆಪರೇಷನ್ ಬೇಕಾಯಿತು. ಆ ಹನ್ನೆರಡು ದಿನ ಹಾಳಾಗದಿದ್ದರೆ ಅದು ತಪ್ಪುತ್ತಿತ್ತೋ ಏನೋ, ಯಾರೂ ಖಚಿತವಾಗಿ ಹೇಳಲಾರರು. ನಾನಂತೂ ತಪ್ಪುತ್ತಿತ್ತು ಎಂದೇ ಇಟ್ಟುಕೊಂಡಿದ್ದೇನೆ.

ಮೊದಲ ಆಪರೇಷನ್ ಆದ ಮೂರನೆಯ ದಿನ ಡಾ. ನೋವಾಕ್ ನನ್ನನ್ನು ಕರೆದುಕೊಂಡು ಡ್ಯಾನಿಯ ತಾಯಿಯ ಹತ್ತಿರ ಹೋದರು. "ಮೊದಲ ಎಕೋದಲ್ಲಿ ನಾವು ತಪ್ಪಾಗಿ ನೋಡಿದ್ದೆವು. ಅದರಿಂದ ಹನ್ನೆರಡು ದಿನ ಹೋಯಿತು" ಎಂದು ನೇರವಾಗಿ ಹೇಳಿದರು. ಆಸ್ಪತ್ರೆಯ ಆಫೀಸಿನವರು ಹಾಗೆಲ್ಲ ಹೇಳಬೇಡಿ ಎಂದಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ತಾಯಿ ಇಪ್ಪತ್ತೆರಡರ ಹುಡುಗಿ. "ಯಾರು?" ಎಂದಳು.

ಡಾ. ನೋವಾಕ್ ಬಾಯಿ ತೆರೆಯುವ ಮೊದಲೇ ನಾನು "ನಾನು" ಎಂದೆ.

ಅವಳು ನನ್ನ ಕಡೆ ತಿರುಗಿದಳು. ಹೊಡೆದರೂ ಸರಿ ಎಂದು ನಿಂತಿದ್ದೆ. "ಮುಂದಿನ ಎಕೋ ನೀವೇ ಮಾಡಿ. ನೀವು ಇನ್ನು ಯಾವತ್ತೂ ಹಾಗೆ ಮಾಡುವುದಿಲ್ಲ" ಎಂದಳು.

ಆ ದಿನ ಬಸ್ಸಿಳಿದು ಮನೆಗೆ ಹೋದವಳು ಕೋಟು ಕೂಡ ಬಿಚ್ಚದೆ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಅರವಿಂದ ಅಡುಗೆಮನೆಯಿಂದ ಇಣುಕಿ, "ಏನಾತು? ಯಾರ್ ಏನಂದ್ರು?" ಎಂದರು.

"ಯಾರೂ ಏನೂ ಅನ್ನಲಿಲ್ರೀ. ನಾನು ಈ ಕೆಲಸ ಬಿಡ್ತೀನಿ."

ಎಲ್ಲ ಕೇಳಿಸಿಕೊಂಡರು. ಆಮೇಲೆ, "ಆ ಹುಡುಗಿ ಮುಂದಿನ ಸಲಾ ನೀವ ಬರ್ರಿ ಅಂದಾಳಲ್ಲ. ಆಕೀಗೆ ಏನ್ ಹೇಳ್ತೀ?" ಎಂದರು.

ಬಿಡಲಿಲ್ಲ. ಡ್ಯಾನಿಯ ಎಕೋ ಆರು ವರ್ಷ ನಾನೇ ಮಾಡಿದೆ. ಅವನ ತಾಯಿ ನನ್ನನ್ನು ಕ್ಷಮಿಸಿದ್ದೇನೆ ಎಂದು ಯಾವತ್ತೂ ಹೇಳಲಿಲ್ಲ. ಬೇರೆ ಯಾರೂ ಅವನ ಎದೆ ಮುಟ್ಟಲು ಬಿಡಲೂ ಇಲ್ಲ.

ಅರವಿಂದ ಅವರಿಗೆ ಡೆಟ್ರಾಯ್ಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಕಾರ್ ಕಂಪನಿಯ ಕೆಲಸ ಸಿಕ್ಕಾಗ ಅದೇ ಕಡೆಯ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದೆವು. ನಾನು ಡೆಟ್ರಾಯ್ಟಿನ ಮಕ್ಕಳ ಆಸ್ಪತ್ರೆಗೆ ಸೇರಿದೆ. ಅಷ್ಟರಲ್ಲಿ ಟೇಪುಗಳು ಹೋಗಿ ಕಂಪ್ಯೂಟರ್ ಬಂದಿತ್ತು. ಹಿಂದೆ ಪುಟ್ಟ ಮಕ್ಕಳಿಗೆ ನಿದ್ದೆಯ ಔಷಧ ಕುಡಿಸಿ ಎಕೋ ಮಾಡುತ್ತಿದ್ದೆವು. ನಾನು ಬಿಡುವ ಹೊತ್ತಿಗೆ ಅದು ಬಹಳ ಕಡಿಮೆಯಾಗಿತ್ತು. ಹಾಸಿಗೆಯ ಮೇಲೊಂದು ಟಿವಿ ತೂಗುಹಾಕಿ ಕಾರ್ಟೂನ್ ಹಚ್ಚುತ್ತಿದ್ದೆವು. ಕೂಸುಗಳಿಗೆ ಬೆಚ್ಚಗಿನ ಜೆಲ್, ಚೀಪಲು ಸಕ್ಕರೆ ನೀರು. ಏನೂ ನಡೆಯದಿದ್ದರೆ ನಮ್ಮವ್ವ ತೊಟ್ಟಿಲು ತೂಗುವಾಗ ಗುನುಗುತ್ತಿದ್ದ ಧಾಟಿಯನ್ನು ನಾನೂ ಗುನುಗುತ್ತಿದ್ದೆ. ಡೆಟ್ರಾಯ್ಟಿನ ಎಷ್ಟೋ ಕೂಸುಗಳು ಧಾರವಾಡದ ಧಾಟಿಗೆ ನಿದ್ದೆ ಹೋಗಿವೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಇನ್ನೊಂದು ವಿಷಯಕ್ಕೂ ಹೆಮ್ಮೆಯಿದೆ. ಅಲ್ಲಿ ಸೇರಿ ಏಳೆಂಟು ವರ್ಷವಾಗಿತ್ತು. ಮೂರು ತಿಂಗಳ ಹೆಣ್ಣುಕೂಸೊಂದನ್ನು ಅದರ ಅಜ್ಜಿ ಕರೆದುಕೊಂಡು ಬಂದಳು. ಅಜ್ಜಿ ಬಸ್ ಡ್ರೈವರ್, ಗಟ್ಟಿ ಹೆಂಗಸು. ಕ್ಲಿನಿಕ್ಕಿನಲ್ಲಿ ಕೂಸಿನ ಹಾಲಿನ ಪುಡಿಯನ್ನು ಮೂರು ಸಲ ಬದಲಾಯಿಸಿದ್ದರಂತೆ. "ಹಾಲು ಕುಡಿಯುವಾಗ ಇವಳ ಹಣೆ ಬೆವರುತ್ತದೆ. ಯಾರೋ ಚಿವುಟಿದ ಹಾಗೆ ಚೀರುತ್ತಾಳೆ. ನಾನು ಐದು ಮಕ್ಕಳನ್ನು ಸಾಕಿದ್ದೇನೆ, ಇದು ಹೊಟ್ಟೆನೋವಲ್ಲ" ಎಂದಳು. ಹೊಸಬರೇ, ಇಂಥ ಅಜ್ಜಿಯರ ಮಾತನ್ನು ಬರೆದಿಟ್ಟುಕೊಳ್ಳಿ.

ಅದೇ ಉಬ್ಬಿದ ಹೃದಯ, ಅದೇ ದುರ್ಬಲ ಬಡಿತ. ಆ ದಿನದ ಡಾಕ್ಟರ್ ಕಾರ್ಲ್‌ಸನ್ ಆಗಷ್ಟೇ ಸೇರಿದ್ದ ಚುರುಕು ಯುವಕ. ನಾನು ಎಕೋ ಶುರುಮಾಡಿದ ಅರ್ಧ ಗಂಟೆಗೆ ಕೋಣೆಯೊಳಗೆ ಬಂದು ಸ್ಕ್ರೀನ್ ನೋಡಿದರು. "ಎಡ ಕೊರೊನರಿ ಸರಿಯಾದ ಜಾಗದಲ್ಲೇ ಕಾಣುತ್ತಿದೆಯಲ್ಲ. ಸ್ನಾಯುವಿನ ಕಾಯಿಲೆ. ಟ್ರಾನ್ಸ್‌ಪ್ಲಾಂಟ್ ತಂಡಕ್ಕೆ ಫೋನ್ ಮಾಡುತ್ತೇನೆ."

"ಗೆರೆ ಕಾಣುತ್ತಿದೆ ಡಾಕ್ಟರ್. ರಕ್ತ ಅಲ್ಲಿಂದ ಬರುತ್ತಿಲ್ಲ" ಎಂದೆ.

"ಸುನಂದಾ, ಎರಡು ನೀಲಿ ಚುಕ್ಕೆ ನೋಡಿ ನಾನು ಆ ಅಜ್ಜಿಗೆ ಬೇರೆ ಕಾಯಿಲೆ ಹೇಳಲಾ?"

ಟೆಕ್ನಿಷಿಯನ್ ಡಾಕ್ಟರರ ಮಾತಿಗೆ ಎದುರು ಹೇಳಬಾರದೆಂದು ಎಲ್ಲೂ ಬರೆದಿಲ್ಲ, ಆದರೂ ಯಾರೂ ಹೇಳುವುದಿಲ್ಲ. ನನ್ನ ಭುಜ ಉರಿಯುತ್ತಿತ್ತು. ಪ್ರೋಬ್ ತೆಗೆಯಲಿಲ್ಲ. "ಎರಡಲ್ಲ. ಪ್ರತಿ ಬಡಿತಕ್ಕೂ ಬರುತ್ತಿದೆ. ಕುರ್ಚಿ ಎಳೆದುಕೊಳ್ಳಿ. ಹತ್ತು ಬಡಿತ ನೋಡಿ, ಆಮೇಲೆ ಫೋನ್ ಮಾಡಿ."

ಅವರ ಕಿವಿ ಕೆಂಪಾಯಿತು. ಆದರೆ ಕುರ್ಚಿ ಎಳೆದುಕೊಂಡು ಕೂತರು. ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ. ನೀಲಿ, ಮತ್ತೆ ನೀಲಿ. ನಾನು ಪ್ರೋಬನ್ನು ಕೂದಲೆಳೆಯಷ್ಟು ವಾಲಿಸಿದೆ. ಶ್ವಾಸಕೋಶದ ನಾಳದೊಳಕ್ಕೆ ಸಣ್ಣ ಚಿಲುಮೆಯಂತೆ ರಕ್ತ ಚಿಮ್ಮುವುದು ಕಂಡಿತು. ಅಲ್ಲಿ ಅದಕ್ಕೇನೂ ಕೆಲಸವಿರಲಿಲ್ಲ.

ಡಾ. ಕಾರ್ಲ್‌ಸನ್ ಎದ್ದು ನಿಂತು, "ಸರ್ಜನ್‌ಗೆ ಫೋನ್ ಮಾಡುತ್ತೇನೆ" ಎಂದರು. ಬಾಗಿಲ ಹತ್ತಿರ ತಿರುಗಿ, "ಥ್ಯಾಂಕ್ ಯೂ" ಎಂದರು.

ಸಂಜೆಯೊಳಗೆ ಸಿಟಿ ಸ್ಕ್ಯಾನ್ ಅದನ್ನೇ ಹೇಳಿತು. ಮರುದಿನ ಆಪರೇಷನ್. ಆರು ತಿಂಗಳಲ್ಲಿ ಆ ಹೃದಯ ತನ್ನ ಅಳತೆಗೆ ಮರಳಿತು. ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಬೇರೆಯವರ ಹೃದಯಕ್ಕಾಗಿ ಕಾಯಬೇಕಾಗಿದ್ದ ಕೂಸು ತನ್ನದೇ ಹೃದಯ ಇಟ್ಟುಕೊಂಡು ಮನೆಗೆ ಹೋಯಿತು.

ಕೊನೆಯದು ನಿಧಿಯದು. ನಾನು ಕೆಲಸ ಬಿಡುವ ಹಿಂದಿನ ವರ್ಷ.

ಮಂಜುನಾಥ್ ದಾವಣಗೆರೆಯವರು, ಅರವಿಂದರ ಜೊತೆ ಕೆಲಸ ಮಾಡಿದ್ದವರು. ಹೆಂಡತಿ ಶೈಲಾ, ಮಗಳು ನಿಧಿ, ಹದಿನೈದು ವರ್ಷ, ಹೈಸ್ಕೂಲಿನ ಓಟದ ತಂಡದಲ್ಲಿದ್ದಳು. ನಮ್ಮ ಮನೆಯಿಂದ ಮೂರು ಮೈಲಿ ದೂರದ ಬಡಾವಣೆಯಲ್ಲಿ ಅವರ ಮನೆ. ಅಕ್ಟೋಬರಿನ ಒಂದು ಶನಿವಾರ ಊಟಕ್ಕೆ ಕರೆದಿದ್ದೆವು. ರೊಟ್ಟಿ ಬಡಿಸುತ್ತಿದ್ದಾಗ ಶೈಲಾ ಹೇಳಿದಳು: "ಆಂಟಿ, ನಮ್ ನಿಧಿ ಮೊನ್ನೆ ಪ್ರಾಕ್ಟೀಸಲ್ಲಿ ತಲೆ ತಿರುಗಿ ಬಿದ್ದುಬಿಟ್ಲು. ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರ್ಕೊಂಡ್ ಹೋದ್ವಿ. ಈಸಿಜಿ ನಾರ್ಮಲ್ ಅಂತೆ, ನೀರ್ ಕಮ್ಮಿ ಕುಡಿದಿದಾಳೆ ಅಂದ್ರು."

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ನಿಧಿಯನ್ನು ಕೇಳಿದೆ: "ಓಡ್ತಾ ಓಡ್ತಾ ಬಿದ್ಯೋ, ನಿಂತ ಮೇಲೋ?"

"ವೈಲ್ ರನ್ನಿಂಗ್, ಆಂಟಿ. ಲಾಸ್ಟ್ ಹಿಲ್. ಬಟ್ ಐ ಆಮ್ ಫೈನ್."

"ಎದೆ ನೋವು?"

ಅವಳು ಅಮ್ಮನ ಕಡೆ ನೋಡಿದಳು. "ಲೈಕ್, ಸಮ್‌ಟೈಮ್ಸ್."

ಓಡಿ ನಿಂತ ಮೇಲೆ ತಲೆ ಸುತ್ತುವುದು ಬೇರೆ. ಓಡುತ್ತಿರುವಾಗಲೇ ಬೀಳುವುದು ಬೇರೆ. ಈ ಕೆಲಸಕ್ಕೆ ಬರುವವರು ಇದೊಂದನ್ನಾದರೂ ನೆನಪಿಡಿ. ನಾನು ಮಂಜುನಾಥರಿಗೆ ಹೇಳಿದೆ: "ಹೃದಯದ ಡಾಕ್ಟರ್ ನೋಡೋ ತನಕ ಇವಳು ಓಡಬಾರದು. ಒಂದು ದಿನ ಕೂಡ."

"ಆಂಟಿ, ಇನ್ನೆರಡು ವಾರಕ್ಕೆ ಓಟದ ದೊಡ್ಡ ಮೀಟ್ ಇದೆ. ಇಡೀ ವರ್ಷ ಇದಕ್ಕೇ ಪ್ರಾಕ್ಟೀಸ್ ಮಾಡಿದಾಳೆ."

"ಗೊತ್ತು."

"ಈಸಿಜಿ ನಾರ್ಮಲ್ ಇದೆಯಲ್ಲ?"

"ಇರಬಹುದು. ಅದು ಸಾಲದು."

ಅವರ ಮುಖ ಬಿಗಿಯಾಯಿತು. "ನೀವು ದಿನಾ ಕಾಯಿಲೆ ಮಕ್ಕಳನ್ನೇ ನೋಡ್ತೀರ. ಅದಕ್ಕೇ ಎಲ್ಲರಲ್ಲೂ ಅದೇ ಕಾಣತ್ತೆ. ಸುಮ್ನೆ ಮಗೂನ ಹೆದರಿಸಬೇಡಿ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಡಾಕ್ಟರಲ್ಲ, ಕಾಯಿಲೆ ಇದೆ ಎಂದು ಹೇಳುವ ಹಕ್ಕು ನನಗಿಲ್ಲ. "ನನ್ನ ಮಾತು ತಪ್ಪಾಗಲಿ ಅಂತ ನಾನೇ ದೇವರಿಗೆ ಕೈ ಮುಗೀತೀನಿ. ಆದರೆ ನೋಡಿಸಿ" ಎಂದೆ. ಸಿಹಿ ತಿನ್ನುವ ಮೊದಲೇ ಅವರು ಎದ್ದು ಹೊರಟರು. ಅರವಿಂದ ಪಾತ್ರೆ ತೆಗೆಯುತ್ತ, "ನೀ ಅಂದಿದ್ದು ಬರೋಬ್ಬರಿ ಅದ. ಇನ್ ಅವರು ಮಾತಾಡ್ಸದಿದ್ರೂ ಅಡ್ಡಿ ಇಲ್ಲ" ಎಂದರು.

ಸೋಮವಾರ ಸಂಜೆ ಶೈಲಾ ಫೋನ್ ಮಾಡಿದಳು. "ಆಂಟಿ, ಅವರು ಇನ್ನೂ ಸಿಟ್ಟಲ್ಲಿದಾರೆ. ನಾನು ಕೋಚ್‌ಗೆ ಹೇಳಿ ನಿಲ್ಸಿದೀನಿ. ಅವಳ ಡಾಕ್ಟರ್ ಹತ್ರ ರೆಫರಲ್ ಚೀಟಿ ತಗೊಂಡೆ. ನೀವೇ ಎಕೋ ಮಾಡ್ತೀರಾ?"

ಪರಿಚಯದವರ ಮಗಳು, ಮಾಡಬಹುದೇ ಎಂದು ಡಾ. ಕಾರ್ಲ್‌ಸನ್ ಅವರನ್ನು ಕೇಳಿದೆ. ಈಗ ಅವರ ಕೂದಲು ಹಣ್ಣಾಗಿದೆ, ಲ್ಯಾಬಿನ ಮುಖ್ಯಸ್ಥರು. "ಕೊರೊನರಿ ಪ್ರಶ್ನೆಯೇ? ಹಾಗಾದರೆ ನೀನೇ ಮಾಡು" ಎಂದರು. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಬಿರುದು ಅದೊಂದೇ, ಅದು ಸಾಕು.

ಗುರುವಾರ ಎಕೋ. ನಿಧಿ ಫೋನ್ ನೋಡುತ್ತ ಮಲಗಿದ್ದಳು. ಬಲ ಕೊರೊನರಿ ತನ್ನ ಜಾಗದಲ್ಲಿ ಸಿಕ್ಕಿತು. ಎಡದ್ದು ಎಡಗಡೆ ಇರಲಿಲ್ಲ. ಹುಡುಕುತ್ತ ಹೋದೆ. ಅದು ಬಲಗಡೆಯಿಂದಲೇ ಹುಟ್ಟಿ, ಮಹಾಧಮನಿಯ ಗೋಡೆಯ ಒಳಗೇ ಸ್ವಲ್ಪ ದೂರ ಸಾಗಿ, ಎರಡು ದೊಡ್ಡ ನಾಳಗಳ ನಡುವೆ ಇಕ್ಕಟ್ಟಿನಲ್ಲಿ ನುಸುಳಿ ಎಡಕ್ಕೆ ಹೋಗುತ್ತಿತ್ತು. ಜೋರಾಗಿ ಓಡಿದಾಗ ಆ ಇಕ್ಕಟ್ಟಿನಲ್ಲಿ ನಾಳಕ್ಕೆ ಒತ್ತಡ ಬಿದ್ದು ರಕ್ತ ನಿಲ್ಲುತ್ತದೆ. ಆಟದ ಮೈದಾನದಲ್ಲಿ ಆರೋಗ್ಯವಾಗಿದ್ದ ಮಕ್ಕಳು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ.

"ಆಂಟಿ, ಇಸ್ ಇಟ್ ಬ್ಯಾಡ್?" ಫೋನ್ ಪಕ್ಕಕ್ಕಿಟ್ಟು ಕೇಳಿದಳು. ತಾಯಂದಿರು ನಮ್ಮ ಮುಖ ಓದುತ್ತಾರೆಂದು ಮೂವತ್ತು ವರ್ಷ ಮುಖವನ್ನು ಕಲ್ಲು ಮಾಡಿಕೊಂಡಿದ್ದೆ. ಅವತ್ತು ಮುಖವನ್ನು ಸ್ಕ್ರೀನಿನ ಕಡೆಗೆ ತಿರುಗಿಸಿಕೊಂಡೆ.

"ನಾನು ಚಿತ್ರ ತೆಗೀತೀನಿ ಮರಿ, ಹೇಳೋದು ಡಾಕ್ಟರು. ಇನ್ನು ಹತ್ತು ನಿಮಿಷ ಅಲ್ಲಾಡಬೇಡ, ನನಗೆ ಒಳ್ಳೆ ಚಿತ್ರ ಬೇಕು." ಅವಳು ಅಲ್ಲಾಡಲಿಲ್ಲ. ನಾನು ತೆಗೆದ ಅತ್ಯುತ್ತಮ ಕೊರೊನರಿ ಚಿತ್ರಗಳು ಅವು. ಈಗ ಹೊಸಬರಿಗೆ ಪಾಠಕ್ಕೆ ತೋರಿಸುತ್ತಾರೆ.

ಸಿಟಿ ಸ್ಕ್ಯಾನ್ ನೋಡಿದ ಸರ್ಜನ್, ಗೋಡೆಯೊಳಗೆ ಸಿಕ್ಕಿಕೊಂಡ ಭಾಗವನ್ನು ಒಳಗಿನಿಂದ ಸೀಳಿ ನಾಳದ ಬಾಯನ್ನು ಸರಿಯಾದ ಕಡೆಗೆ ಅಗಲ ಮಾಡುವುದಾಗಿ ಹೇಳಿದರು. ನವೆಂಬರಿನಲ್ಲಿ ಆಪರೇಷನ್. ನಾಲ್ಕು ಗಂಟೆ. ಮಂಜುನಾಥ್ ಕಾಯುವ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತೇ ಇದ್ದರು. ನಾನು ನಡುವೆ ಒಮ್ಮೆ ಕಾಫಿ ತೆಗೆದುಕೊಂಡು ಹೋದೆ. ಕಪ್ ಹಿಡಿದರು, ಕುಡಿಯಲಿಲ್ಲ. "ಅವತ್ತು ನಿಮ್ಮನೇಲಿ ನಾನು..." ಎಂದರು.

"ಈಗ ಅದೆಲ್ಲ ಯಾಕೆ? ಕೂತ್ಕೊಳ್ಳಿ" ಎಂದೆ. ಆಗ ಕೂತರು.

ಎಲ್ಲ ಚೆನ್ನಾಗಿ ಆಯಿತು. ಮಾರ್ಚಿನಲ್ಲಿ ಡಾ. ಕಾರ್ಲ್‌ಸನ್ ಅವಳನ್ನು ಟ್ರೆಡ್‌ಮಿಲ್ ಮೇಲೆ ಸುಸ್ತಾಗುವ ತನಕ ಓಡಿಸಿ ನೋಡಿದರು. ಮತ್ತೆ ಓಡಬಹುದು ಎಂದು ಸಹಿ ಹಾಕಿದರು.

ಏಪ್ರಿಲ್ ಕೊನೆಗೆ ಅವಳ ಶಾಲೆಯಲ್ಲಿ ಒಂದು ಮೈಲಿ ಓಟ. ನಲವತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ, ಗಾಳಿ ಬೇರೆ. ನಾನು, ಅರವಿಂದ, ಶೈಲಾ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದೆವು. ಮಂಜುನಾಥ್ ಕೆಳಗೆ ಬೇಲಿಗೆ ಹೊಟ್ಟೆ ಒತ್ತಿಕೊಂಡು ನಿಂತಿದ್ದರು. ಹನ್ನೊಂದು ಹುಡುಗಿಯರು. ನಿಧಿ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ, ಎರಡನೆಯದರಲ್ಲಿ ಒಂಬತ್ತನೆಯವಳು. ಸುತ್ತಲಿನ ತಂದೆತಾಯಿಯರೆಲ್ಲ ತಮ್ಮ ಮಕ್ಕಳಿಗೆ ಗೋ, ಗೋ, ಫಾಸ್ಟರ್ ಎಂದು ಕಿರುಚುತ್ತಿದ್ದರು. ಆ ಗದ್ದಲದಲ್ಲಿ ಒಂದೇ ಒಂದು ಕನ್ನಡದ ದನಿ ಕೇಳಿಸುತ್ತಿತ್ತು. ಮಂಜುನಾಥ್ ಎರಡೂ ಕೈ ಬಾಯಿಗೆ ಹಿಡಿದು, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದರು:

"ನಿಧಾನ! ನಿಧಾನ ಓಡು ಮಗಳೇ!"

ಕೊನೆಯ ತಿರುವಿನಲ್ಲಿ ನಿಧಿ ಅಪ್ಪನ ಕಡೆ ನೋಡಿ ನಕ್ಕಳು. ನಕ್ಕವಳೇ, ಅವರ ಮುಂದೆಯೇ ಇಬ್ಬರನ್ನು ಹಿಂದೆ ಹಾಕಿಕೊಂಡು ಹೋದಳು.